ಉಪ್ಪು ಕಡಿಮೆಯಾದ ಜಾಡಿ

ಮೊನ್ನೆ ಭಾನುವಾರ, ಜಯನಗರದ ನಮ್ಮ ಪಕ್ಕದ ಮನೆಯ ಕಮಲಮ್ಮನವರು ಮಾವಿನ ಉಪ್ಪಿನಕಾಯಿ ಜಾಡಿಯನ್ನು ನಡುಮನೆಗೆ ತಂದಿಟ್ಟು ಮುಚ್ಚಳ ತೆಗೆದರು. ಒಳಗೆ ಬೆಳ್ಳಗೆ ಬೂಷ್ಟು.

“ನೋಡ್ರೀ, ಇವಳು ಹೊರಗಾಗಿದ್ದಾಗ ಜಾಡಿ ಮುಟ್ಟಿದಾಳೆ. ಸ್ಕೂಲು ಸ್ಕೂಲು ಅಂತ ಓಡೋವಳಿಗೆ ಮಡಿ ಎಲ್ಲಿ ತಿಳಿಯತ್ತೆ? ನಾಳೆಯಿಂದ ಕೆಲಸ ಬಿಟ್ಟು ಮನೇಲಿರ್ಲಿ!”

ಇವಳು ಅಂದರೆ ಸೊಸೆ ಶಾರದಾ. ಹೈಸ್ಕೂಲಿನಲ್ಲಿ ಸೈನ್ಸ್ ಟೀಚರು. “ಇಲ್ಲ ಅತ್ತೆ, ನಾನು ಮುಟ್ಟಿಲ್ಲ” ಅಂದಳು. ಕೇಳುವವರು ಯಾರು?

ನನಗೆ ಮೈಯೆಲ್ಲ ಉರಿಯಿತು. ಕತ್ರಿಗುಪ್ಪೆ ತೋಟದ ಆ ಮಾವಿನಕಾಯಿಗಳನ್ನು ಈಳಿಗೆಮಣೆಯ ಮೇಲೆ ಕೂತು ಹೆಚ್ಚಿಕೊಟ್ಟವಳೇ ನಾನು. ಕಮಲಮ್ಮನವರು ಉಪ್ಪು ಅಳೆಯುವಾಗ ಅವರ ಯಜಮಾನರು ರಾಯರು ಬಂದು, “ಡಾಕ್ಟ್ರು ಬ್ಲಡ್ ಪ್ರೆಷರ್ ಅಂದಿದಾರೆ ಕಣೇ, ಉಪ್ಪು ಅರ್ಧ ಹಾಕು” ಅಂದರು. ಆಕೆ ಅರ್ಧವೇ ಹಾಕಿದರು. (ಡಾಕ್ಟರು ಉಪ್ಪಿನಕಾಯಿಯನ್ನೇ ಬಿಡಿ ಅಂದಿದ್ದರಂತೆ. ಅದು ರಾಯರ ಕಿವಿಗೆ ಬೀಳಲಿಲ್ಲ.)

ಶಾರದಾ ನನಗೂ ಒಮ್ಮೆ ಪಾಠ ಹೇಳಿದ್ದಳು. ಪ್ರತಿ ಜೀವಕೋಶಕ್ಕೂ ತೆಳ್ಳನೆಯ ಪೊರೆ ಇರುತ್ತದೆ. ಹೊರಗೆ ಉಪ್ಪು ಜಾಸ್ತಿಯಾದರೆ ಒಳಗಿನ ನೀರು ಪೊರೆ ದಾಟಿ ಹೊರಬರುತ್ತದೆ. ಮಾವಿನ ಹೋಳು ನೀರು ಬಿಡುವುದು ಹಾಗೆ. ಉಪ್ಪು ಬೂಷ್ಟಿನ ನೀರನ್ನೂ ಹಾಗೆಯೇ ಎಳೆದು ಅದನ್ನು ಬೆಳೆಯಗೊಡುವುದಿಲ್ಲ. ಆಸ್ಮಾಸಿಸ್ ಅಂತ ಹೆಸರು. ಉಪ್ಪು ಕಡಿಮೆಯಾಯಿತೋ, ಬೂಷ್ಟಿಗೆ ಹಬ್ಬ. ಇದರಲ್ಲಿ ಮೈಲಿಗೆ ಎಲ್ಲಿಂದ ಬಂತು, ನೀವೇ ಹೇಳಿ?

ಹೋದ ವರ್ಷ ರಷ್ಯಾದವರು ಆಕಾಶಕ್ಕೆ ಹಾರಿಸಿದ ಸ್ಪುಟ್ನಿಕ್ ಕಾಣುತ್ತದೇನೋ ಅಂತ ಮನೆಮಂದಿಯೆಲ್ಲ ಮಹಡಿ ಹತ್ತಿದ್ದ ಮನೆ ಸ್ವಾಮಿ ಇದು!

“ಉಪ್ಪು ಅರ್ಧ ಹಾಕಿದ್ರಲ್ಲ ಕಮಲಮ್ಮ, ಅದಕ್ಕೇ ಕೆಟ್ಟಿರೋದು” ಅಂದೆ.

“ಯಜಮಾನ್ರು ಹೇಳಿದ ಹಾಗೆ ಮಾಡಿದ್ರೆ ಕೆಡತ್ತೇನ್ರೀ?” ಅಂದರು ಆಕೆ.

ಇದಕ್ಕೆ ಯಾವ ಸೈನ್ಸ್ ಉತ್ತರ ಕೊಡುತ್ತದೆ? ರಾಯರ ಕಡೆ ತಿರುಗಿ, “ನೀವಾದ್ರೂ ನಿಜ ಹೇಳಿ” ಅಂದೆ. ರಾಯರು ಪೇಪರಿನ ಪುಟ ತಿರುಗಿಸಿದರು. ಮಗರಾಯ, ಅಂದರೆ ಶಾರದಾಳ ಗಂಡ, ತಲೆ ತಗ್ಗಿಸಿ ಶೂಗೆ ಪಾಲಿಶ್ ಹಾಕುತ್ತಲೇ ಇದ್ದ. ಇಬ್ಬರಿಗೂ ಉಪ್ಪಿನ ವಿಷಯ ಚೆನ್ನಾಗಿ ಗೊತ್ತು. ಹೇಡಿಗಳು!

ಸೋಮವಾರ ಶಾರದಾ ಬಸ್ ಸ್ಟಾಪಿಗೆ ಬರಲಿಲ್ಲ. ಇವತ್ತೂ ಬಂದಿಲ್ಲ.

ಒಂದು ಹಿಡಿ ಉಪ್ಪಿಗೆ ಮಾವಿನ ಹೋಳು ನೀರು ಬಿಡುತ್ತದೆ. ಈ ಗಂಡಸರು ಬಾಯಿ ಬಿಡಬೇಕಾದರೆ ಅವರ ಮೇಲೆ ಏನು ಸುರಿಯಬೇಕು?