ಕಾಲಿಂಚಕ್ಕನ ಕೈಚಳಕ

ಬೀದಿಯವರು ಆಕೆಗೆ ಕಾಲಿಂಚಕ್ಕ ಎಂದು ಹೆಸರಿಟ್ಟು ಇಪ್ಪತ್ತು ವರ್ಷ ದಾಟಿದೆ. ಬಟ್ಟೆಯಿಂದ ಎಲೆ, ಹೂವು, ಹಕ್ಕಿ ಕತ್ತರಿಸಿ ಕೌದಿಯ ಮೇಲೆ ಕೂರಿಸಿ ಹೊಲಿಯುವುದು ಅವರ ಕಸುಬು. ಕತ್ತರಿಸುವಾಗ ಗೆರೆಯ ಹೊರಗೆ ಸುತ್ತಲೂ ಕಾಲು ಇಂಚು ಬಿಡುತ್ತಾರೆ. ಹೊಲಿಯುವಾಗ ಆ ಕಾಲು ಇಂಚು ಒಳಗೆ ಹೋಗಿ ಮಾಯವಾಗುತ್ತದೆ.

ಇಡೀ ಅಂಚನ್ನು ಮೊದಲೇ ಮಡಚಿ ಕಚ್ಚಾ ಹೊಲಿಗೆ ಹಾಕಿಕೊಳ್ಳುವವರಲ್ಲ ಅವರು. ಮುಂದಿನ ಎರಡು ಹೊಲಿಗೆಗೆ ಬೇಕಾದಷ್ಟನ್ನು ಮಾತ್ರ ಸೂಜಿಯ ಮೊನೆಯಿಂದ ಒಳಕ್ಕೆ ತಳ್ಳಿ, ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಮಡಿಕೆಯ ತುದಿಯ ಒಂದೆರಡು ಎಳೆಯನ್ನಷ್ಟೇ ಸೂಜಿಗೆ ಸಿಕ್ಕಿಸುತ್ತಾರೆ. ಒಳಬಾಗಿದ ಕಡೆ ಕತ್ತರಿಯಿಂದ ಸಣ್ಣ ಕಚ್ಚು ಹಾಕುತ್ತಾರೆ, ಗೆರೆಗೆ ಎರಡೇ ಎಳೆ ಉಳಿಯುವಂತೆ. ಎಲೆಯ ತುದಿ ಬಂದಾಗ ಚೂಪಿನವರೆಗೂ ಹೊಲಿದು, ಅಡಿಯಲ್ಲಿ ದಪ್ಪಗಟ್ಟುವ ಬಟ್ಟೆಯನ್ನು ಕತ್ತರಿಸಿ, ಉಳಿದದ್ದನ್ನು ಒದ್ದೆ ಹಲ್ಲುಕಡ್ಡಿಯಿಂದ ಒಳಕ್ಕೆ ಗುಡಿಸುತ್ತಾರೆ. ದಾರ ಎಲೆಯದೇ ಬಣ್ಣದ್ದು. ಮುಗಿದ ಮೇಲೆ ಎಲೆ ಬಟ್ಟೆಯಲ್ಲೇ ಹುಟ್ಟಿದಂತೆ ಕೂತಿರುತ್ತದೆ.

ಅದೇ ಮನೆಯ ಮಹಡಿಯಲ್ಲಿ ವಾರಗಿತ್ತಿ ಇದ್ದಾರೆ, ಮೈದುನನ ಹೆಂಡತಿ. ಅವರದು ರಟ್ಟಿನ ಪಂಥ. ರಟ್ಟಿನ ಎಲೆಗೆ ಬಟ್ಟೆ ಸುತ್ತಿ, ಅಂಚಿಗೆ ಗಂಜಿ ಸವರಿ, ಇಸ್ತ್ರಿ ಒತ್ತಿ, ರಟ್ಟನ್ನು ಎಳೆದುಹಾಕಿ ಹೊಲಿಯುತ್ತಾರೆ. ಮಡಿಕೆ ಚೆನ್ನಾಗಿಯೇ ಬರುತ್ತದೆ. ಹೊಲಿಗೆಯನ್ನು ಮಾತ್ರ ರಸ್ತೆಯ ಆಚೆಯಿಂದ ಎಣಿಸಬಹುದು.

ಊರಿನ ಕೈಕಸುಬು ಸಂಘದ ಹೊಲಿಗೆ ಶಾಲೆಯ ಟೀಚರ್ ನಿವೃತ್ತರಾಗುವವರಿದ್ದರು. ಮುಂದಿನ ಪ್ರದರ್ಶನದಲ್ಲಿ ಮೊದಲು ಬಂದವರಿಗೆ ಆ ಕುರ್ಚಿ ಎಂದು ಕಮಿಟಿ ಸಾರಿತು. ಕಾಲಿಂಚಕ್ಕ ಹದಿನೆಂಟು ವರ್ಷದಿಂದ ಆ ಕುರ್ಚಿಯ ಮೇಲೆ ಕಣ್ಣಿಟ್ಟವರು. ಹನ್ನೊಂದು ತಿಂಗಳು ಕೂತು, ಬಿಳಿ ಕೌದಿಯ ಮೇಲೆ ನಲವತ್ತೆರಡು ಕಡುಹಸಿರು ಎಲೆಗಳ ಬಳ್ಳಿ ಹೊಲಿದು, ಹಿಂದೆ ಅಸ್ತರ್ ಕೊಟ್ಟು ಒಪ್ಪಿಸಿದರು.

ತೀರ್ಪುಗಾರರು ಸಂಘದ ಕಾರ್ಯದರ್ಶಿ, ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರ್. ಭೂತಗನ್ನಡಿ ಹಿಡಿದು ಬಳ್ಳಿಯ ಬುಡದಿಂದ ತುದಿಯವರೆಗೆ ಹುಡುಕಿ ಚೀಟಿ ಬರೆದರು: ‘ಕೈಚಳಕ ಕಂಡುಬಂದಿದೆ. ತೀರ್ಮಾನ ತಡೆಹಿಡಿಯಲಾಗಿದೆ.’

ಕಾಲಿಂಚಕ್ಕ ಮೊದಲ ವಾಕ್ಯವನ್ನಷ್ಟೇ ಓದಿದರು. ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಮೂರು ದಿನ ಬಂದವರಿಗೆಲ್ಲ ತೋರಿಸಿದರು. ಲಿಫ್ಟ್ ರಿಪೇರಿ ಮಾಡುವ ಗಂಡ ಓದಿ ತಲೆದೂಗಿದರು. ನಾಲ್ಕನೇ ದಿನ ವಾರಗಿತ್ತಿ ಮೆಟ್ಟಿಲಿಳಿದು ಬಂದರು.

“ಅಕ್ಕಾ, ಇದನ್ನ ಯಾಕೆ ಇಲ್ಲಿ ಅಂಟಿಸಿದೀರಿ?”

“ಯಾಕೆ, ಹೊಟ್ಟೆ ಉರೀತಾ?”

“ಅಯ್ಯೋ, ಪೇಪರಲ್ಲಿ ಕೈಚಳಕ ಅಂತ ಯಾರಿಗೆ ಬರೀತಾರೆ ಹೇಳಿ? ಬೀಗ ಒಡೆದೋರಿಗೆ! ನೀವು ಎಲೆನೆಲ್ಲ ಗಮ್ ಹಾಕಿ ಅಂಟಿಸಿದೀರಿ ಅಂತ ಇದರ ಅರ್ಥ.”

ಗಂಡ ಚೀಟಿಯನ್ನು ಮತ್ತೊಮ್ಮೆ ಓದಿದರು. “ಹೌದಲ್ಲ, ಹಂಗೂ ಓದ್ಬೋದು,” ಎಂದು ಮತ್ತೆ ತಲೆದೂಗಿದರು.

ವಾರಗಿತ್ತಿಯರಿಬ್ಬರೂ ಸಂಘದ ಆಫೀಸಿಗೆ ಹೋದರು. ಕಾರ್ಯದರ್ಶಿ ಸಮಾಧಾನದಿಂದಲೇ ಮಾತಾಡಿದರು.

“ನೋಡಿಮ್ಮಾ, ಕೈಹೊಲಿಗೆ ಸ್ಪರ್ಧೆ ಅಂದ್ಮೇಲೆ ಹೊಲಿಗೆ ಕಾಣ್ಬೇಕಲ್ಲ? ಒಂದು ಎಲೆ ಬಿಚ್ಚಿ ತೋರಿಸಿ, ಮುಗೀತು.”

“ಬಿಚ್ಚಿದ್ರೆ ಕಚ್ಚು ಹಾಕಿರೋ ಅಂಚು ಎಳೆ ಬಿಡತ್ತೆ ಸಾರ್. ಇಲ್ಲೇ ಕೂತು ಹೊಸ ಎಲೆ ಹೊಲೀತೀನಿ, ನೋಡಿ.”

“ಅದಕ್ಕೆ ನಿಯಮದಲ್ಲಿ ಅವಕಾಶ ಇಲ್ಲ.”

ಕಿರಿಯಾಕೆ ಮಧ್ಯೆ ಬಾಯಿ ಹಾಕಿದರು. “ಸಾರ್, ಇಪ್ಪತ್ತು ವರ್ಷದಿಂದ ಇವರ ತಪ್ಪು ಹುಡುಕ್ತಿರೋಳು ನಾನು. ಗಮ್ ಇದ್ದಿದ್ರೆ ನಿಮಗಿಂತ ಮೊದ್ಲು ನನಗೆ ಸಿಗ್ತಿತ್ತು.”

ಇದಕ್ಕಿಂತ ಗಟ್ಟಿ ಸಾಕ್ಷಿ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಕಾರ್ಯದರ್ಶಿ ಅದನ್ನು ಬರೆದುಕೊಳ್ಳಲಿಲ್ಲ. ನಾಳೆ ಹನ್ನೊಂದು ಗಂಟೆಗೆ ಮರುಪರಿಶೀಲನೆ, ಹೊಲಿಗೆ ಕಾಣದಿದ್ದರೆ ಹೆಸರು ಹೊಡೆದುಹಾಕುತ್ತೇವೆ ಎಂದು ಕೌದಿಯನ್ನು ವಾಪಸ್ ಕೊಟ್ಟರು.

ಮನೆಗೆ ಬಂದ ಕಾಲಿಂಚಕ್ಕ ಕಣ್ಣಿಗೆ ಕಾಣುವಂಥ ಒಂದೇ ಒಂದು ಹೊಲಿಗೆ ಹಾಕಲು ಕೂತರು. ಕೈ ಕೇಳಲಿಲ್ಲ. ಮೂರು ಸಲ ಹಾಕಿದರು, ಮೂರು ಸಲವೂ ಮಾಯವಾಯಿತು.

“ಕೊಡಿ ಇಲ್ಲಿ,” ಎಂದು ವಾರಗಿತ್ತಿ ಸೂಜಿ ಕಿತ್ತುಕೊಂಡರು. “ಇದಕ್ಕೆಲ್ಲ ಅಭ್ಯಾಸ ಬೇಕು.” ಬಿಳಿ ದಾರ ಪೋಣಿಸಿ, ಹದಿನೇಳನೇ ಎಲೆಯ ಬುಡದಲ್ಲಿ ಅಕ್ಕಿಕಾಳಿಗಿಂತ ಉದ್ದದ ಸೊಟ್ಟ ಹೊಲಿಗೆಯೊಂದನ್ನು ಎಳೆದರು.

ಮಾರನೇ ದಿನ ಕಾರ್ಯದರ್ಶಿಗೆ ಭೂತಗನ್ನಡಿಯೇ ಬೇಕಾಗಲಿಲ್ಲ. “ನೋಡಿ, ಇದಕ್ಕೆ ಅಂತಾರೆ ಕೈಕೆಲಸ! ಇದನ್ನ ಮೊದಲೇ ತೋರಿಸೋಕೇನಾಗಿತ್ತು?” ಎಂದರು. ಇಡೀ ಕೌದಿಯಲ್ಲಿ ಕಾಲಿಂಚಕ್ಕ ಹಾಕದೇ ಇದ್ದ ಒಂದೇ ಹೊಲಿಗೆಯಿಂದಾಗಿ ಕುರ್ಚಿ ಕಾಲಿಂಚಕ್ಕನದಾಯಿತು.

ಆ ಕೌದಿ ಈಗ ಶಾಲೆಯ ಗೋಡೆಯ ಮೇಲಿದೆ. ಅತಿಥಿಗಳು ಬಂದಾಗ ಕಾರ್ಯದರ್ಶಿ ಬಿಳಿ ಹೊಲಿಗೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಕಾಲಿಂಚಕ್ಕ ವರ್ಷವಿಡೀ ಅಂಚನ್ನು ಒಳಗೆ ತಳ್ಳುವುದನ್ನೇ ಕಲಿಸುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಒಂದು ದಿನದ ಮಟ್ಟಿಗೆ ವಾರಗಿತ್ತಿಯನ್ನು ಕರೆಸುತ್ತಾರೆ.

“ಇವತ್ತು ಕಮಿಟಿ ಹೊಲಿಗೆ ಕಣ್ರಮ್ಮಾ, ಸರಿಯಾಗಿ ನೋಡ್ಕೊಳ್ಳಿ,” ಎನ್ನುತ್ತ ಕಿರಿಯಾಕೆ ಬಿಳಿ ದಾರ ಪೋಣಿಸುತ್ತಾರೆ.