ಗಿಟಾರ್ ಮೇಷ್ಟ್ರ ಕಿವಿ

ಮೇಷ್ಟ್ರ ಎಡಗಿವಿಯ ಹಾಲೆಯಲ್ಲಿ, ಚಿಕ್ಕಂದಿನಲ್ಲಿ ಒಂಟಿ ಹಾಕಿದ್ದ ತೂತು ಮುಚ್ಚದೆ ಹಾಗೇ ಉಳಿದಿತ್ತು. ಆ ಕಿವಿಯನ್ನು ಆಂಪ್ಲಿಫೈಯರ್ ಪೆಟ್ಟಿಗೆಗೆ ಒತ್ತಿ, ಡಾಕ್ಟರು ಎದೆ ನೋಡುವ ಹಾಗೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೂ ಗುಂಯ್ ಅಂತಿದೆ ಕಣಯ್ಯ" ಎನ್ನುತ್ತಿದ್ದರು.

ಮೊದಲು ಯಾವುದೋ ಬ್ಯಾಂಡಿನಲ್ಲಿದ್ದವರು. ಅರವತ್ತರ ದಶಕದ ಮೊದಲಿಗೆ ಜಯಲಕ್ಷ್ಮಿಪುರದ ತಮ್ಮ ಮನೆಯಲ್ಲೇ ಪಾಠ ಹೇಳುತ್ತಿದ್ದರು. ಗಿಟಾರನ್ನು ಮಡಿಲ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ಕಲ್ಯಾಣಿ ನುಡಿಸಿದರೆ ಯಾರೋ ಹಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಅದಕ್ಕೆ ಕರೆಂಟಿನ ಸೆಟ್ಟು ಮಾಡಿಕೊಟ್ಟವನು ನಾನು.

ನಾನು ಇಲವಾಲದ ಒಕ್ಕಲು ಮನೆಯವನು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು, ರೇಡಿಯೊ ಬಿಚ್ಚಿ ಬಿಚ್ಚಿ ಕೆಲಸ ಕಲಿತು, ಸ್ವಂತ ಅಂಗಡಿ ಇಟ್ಟವನು. ಮೇಷ್ಟ್ರು ಮಾತ್ರ ಯಾರೇ ಬರಲಿ, "ಇವರು ನಮ್ಮ ಇಂಜಿನಿಯರು" ಎಂದೇ ಪರಿಚಯಿಸುತ್ತಿದ್ದರು. ತಮಾಷೆಗಲ್ಲ.

ರಾಮೋತ್ಸವದ ಚಪ್ಪರದಲ್ಲಿ ನುಡಿಸಲು ಅವರಿಗೆ ಕರೆ ಬಂದಿತ್ತು. ಗುಂಯ್ ಅನ್ನುವುದು ನಿಂತ ಮೇಲೆಯೇ ಒಪ್ಪುತ್ತೇನೆ ಎಂದು ಕೂತರು. "ಪಾತ್ರೆ ತೊಳೀದೆ ಹಾಲು ಕಾಯ್ಸೋದುಂಟೇನಯ್ಯ?" ಎಂಬುದು ಅವರ ಮಾತು.

ಎರಡು ತಿಂಗಳು ನಾನು ಆ ಶಬ್ದದ ಬೆನ್ನು ಬಿದ್ದೆ. ಟ್ರಾನ್ಸ್‌ಫಾರ್ಮರನ್ನು ಪೆಟ್ಟಿಗೆಯ ಇನ್ನೊಂದು ಮೂಲೆಗೆ ಎಳೆದೆ. ಮಾಮೂಲಿ ವೈರು ತೆಗೆದು ಜಾಲರಿ ಸುತ್ತಿದ ವೈರು ಹಾಕಿದೆ. ಗಿಟಾರಿನ ತಂತಿಯ ಕೆಳಗೆ ನಾದ ಹಿಡಿಯಲು ಕೂರಿಸಿದ್ದ ಸುರುಳಿಗೆ ಬಿಸ್ಕತ್ತಿನ ಡಬ್ಬದ ತಗಡು ಕತ್ತರಿಸಿ ಹೊದಿಸಿದೆ. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಅರ್ತ್ ಕೊಟ್ಟೆ. ಅದರ ಮಣ್ಣು ಒಣಗಬಾರದೆಂದು ಹೇಳಿದ್ದಕ್ಕೆ, ದಿನಾ ತುಳಸಿಗೆ ನೀರು ಹಾಕಿದ ಮೇಲೆ ಮೇಷ್ಟ್ರೇ ಆ ಗುಂಡಿಗೂ ಒಂದು ಚೊಂಬು ಹುಯ್ಯುತ್ತಿದ್ದರು. "ಇದೂ ಒಂದು ದೇವರೇ ಬುಡು" ಎಂದು ನಗುತ್ತಿದ್ದರು.

ಶಬ್ದ ಸಂಪೂರ್ಣ ನಿಂತಿತು. ನನ್ನ ಕಿವಿಗೆ ಏನೂ ಕೇಳುತ್ತಿರಲಿಲ್ಲ, ಶಿಷ್ಯರಿಗೂ ಕೇಳುತ್ತಿರಲಿಲ್ಲ. ಮೇಷ್ಟ್ರು ಮಾತ್ರ, "ಇದೆ ಕಣಯ್ಯ" ಎನ್ನುವುದನ್ನು ಬಿಡಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಐದಾರು ಶಿಷ್ಯರು ಸುತ್ತ ಕೂತಿದ್ದಾಗಲೂ ಅದನ್ನೇ ಅಂದರು. ಒಬ್ಬ ಕಾಲೇಜು ಹುಡುಗ, "ಇಂಜಿನಿಯರ್ ಸಾಹೇಬ್ರು ಯಾವ ಕಾಲೇಜಲ್ಲಿ ಓದಿದ್ದೋ" ಎಂದು ಪಕ್ಕದವನ ಕಿವಿಯಲ್ಲಿ ಅಂದದ್ದು ನನಗೆ ಕೇಳಿಸಿತು. ಮೈಯೆಲ್ಲ ಉರಿಯಿತು. ಮೇಷ್ಟ್ರು ಅಂಗೈಯಿಂದ ತಂತಿ ಒತ್ತಿಕೊಂಡು, ಕಣ್ಣು ಮುಚ್ಚಿ ಆಲಿಸುತ್ತಿದ್ದರು. ನಾನು ಸದ್ದಿಲ್ಲದೆ ಎದ್ದು ಗೋಡೆಯಿಂದ ಪ್ಲಗ್ಗು ಕಿತ್ತೆ. ಪೆಟ್ಟಿಗೆಯ ದೀಪ ಆರಿ, ವಾಲ್ವುಗಳೆಲ್ಲ ತಣ್ಣಗಾಗುವವರೆಗೆ ಕಾದೆ.

"ಈಗ ಹೇಗಿದೆ ಸಾರ್?"

"ಇದೆ ಕಣಯ್ಯ. ಸಣ್ಣದಾಗಿ. ಎಲ್ಲೋ ದೂರದಲ್ಲಿ ತಂಬೂರಿ ಮೀಟಿದಂಗೆ."

"ಕಣ್ಣು ಬಿಡಿ ಸಾರ್" ಎಂದು ಪ್ಲಗ್ಗನ್ನು ಅವರ ಮುಖದ ಮುಂದೆ ಹಿಡಿದೆ.

ಯಾರೋ ಕಿಸಕ್ಕೆಂದರು. ಮೇಷ್ಟ್ರು ಪ್ಲಗ್ಗನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು. ಆಮೇಲೆ ಶಿಷ್ಯರ ಕಡೆ ತಿರುಗಿ, "ನಮ್ಮ ಇಂಜಿನಿಯರು ಕೆಲ್ಸ ಮುಗಿಸಿದಾರೆ ಕಣ್ರೋ. ಒಳಗೆ ಹೇಳಿ ಕಾಫಿ ತಂದ್ಕೊಡಿ" ಎಂದರು. ಗೆದ್ದೆ ಅಂದುಕೊಂಡು ಆ ಕಾಫಿಯನ್ನು ಕುಡಿದೆ.

ರಾಮೋತ್ಸವದವರಿಗೆ ಅವರು ಬರುವುದಿಲ್ಲವೆಂದು ಹೇಳಿ ಕಳಿಸಿದರು. ಪಾಠವೂ ನಿಂತಿತು. ಕ್ಷಮೆ ಕೇಳಲೆಂದು ಎರಡು ಸಲ ಹೋದೆ. ಎರಡು ಸಲವೂ ಅಂಗಡಿ ಹೇಗೆ ನಡೀತಿದೆ ಎಂದು ವಿಚಾರಿಸಿ, ನನಗೆ ಬಾಯಿ ತೆರೆಯಲು ಬಿಡದೆ ಕಳಿಸಿಕೊಟ್ಟರು. ಮುಂದಿನ ರಾಮನವಮಿ ಬರುವ ಮೊದಲೇ ತೀರಿಕೊಂಡರು.

ವೈಕುಂಠ ಸಮಾರಾಧನೆಯ ದಿನ ಅಮ್ಮಾವ್ರು, ಅವರ ಹೆಂಡತಿ, ನನ್ನನ್ನು ಹಿತ್ತಲ ಬಾಗಿಲಿಗೆ ಕರೆದರು.

"ನಿಮ್ಮದೇನೂ ತಪ್ಪಿಲ್ಲಪ್ಪ. ಅವರಿಗೆ ಮೊದಲಿಂದ ತಮ್ಮ ಕಿವಿ ಮೇಲೇ ಅನುಮಾನ ಇತ್ತು. ರಾತ್ರಿ ಮಲಗಿದ್ರೂ ಕೇಳ್ಸುತ್ತೆ ಅಂತಿದ್ರು. ಅದು ಸೆಟ್ಟಿಂದೇ ಇರ್ಲಿ ದೇವರೇ, ಸೆಟ್ಟಿಂದಾದ್ರೆ ಅವನು ತೆಗೀತಾನೆ ಅಂತ ನಿಮ್ಮನ್ನೇ ನಂಬ್ಕೊಂಡಿದ್ರು."

ಶಬ್ದ ಸೆಟ್ಟಿನದಲ್ಲ ಎನ್ನುವುದು, ಮೇಷ್ಟ್ರೊಬ್ಬರೇ ಇದ್ದಾಗ, ಹತ್ತಿರ ಕೂತು, ಮೆಲ್ಲಗೆ ಹೇಳಬಹುದಾಗಿದ್ದ ಮಾತು.

ಈಗಲೂ ಯಾರಾದರೂ ಸೆಟ್ಟು ತಂದು, ಗುಂಯ್ ಅನ್ನುತ್ತಿದೆ ಎಂದರೆ, ಅಂಗಡಿಯಲ್ಲಿರುವ ಬೇರೆಯವರನ್ನೆಲ್ಲ ಏನೋ ನೆಪ ಹೇಳಿ ಆಚೆ ಕಳಿಸುತ್ತೇನೆ. ಆಮೇಲೆಯೇ ಸ್ವಿಚ್ಚು ಹಾಕುತ್ತೇನೆ.