ಯುಫ್ ಮರೈಕೆ ಬೇಡ ಅನ್ನಲಿಲ್ಲ

ಯುಫ್ ಮರೈಕೆ ಬೇಡ ಅನ್ನಲಿಲ್ಲ, ಇಂಚರಾ. ಬೇಡ ಅಂದದ್ದು ನಾನು. ನೀವೆಲ್ಲ ಯುಫ್ ಎಂದು ಕರೆಯುತ್ತಿದ್ದ ನಿನ್ನ ಟೀಚರ ಬಾಯಿಗೆ ಆ ಮಾತು ತುರುಕಿದವಳೂ ನಾನೇ — ನಿನ್ನ ಅಮ್ಮ.

ನೀನಾಗ ಬಾಡ್‌ಹೂವೆಡಾರ್ಪ್‌ನ ಶಾಲೆಯಲ್ಲಿದ್ದೆ, ಹತ್ತು ವರ್ಷದವಳು. ಡಚ್ಚರ ಈ ದೇಶದ ಪದ್ಧತಿಯಂತೆ ಪ್ರತಿ ಮಗುವೂ ತನಗಿಷ್ಟವಾದ ವಿಷಯ ಆರಿಸಿಕೊಂಡು ತರಗತಿಯ ಮುಂದೆ ನಿಂತು ಮಾತಾಡಬೇಕು — ಸ್ಪ್ರೇಕ್‌ಬ್ಯೂರ್ಟ್. ಬೇರೆ ಮಕ್ಕಳು ಮೊಲ, ಕುದುರೆ, ಫುಟ್‌ಬಾಲ್ ಅಂತ ಹೊರಟರೆ ನೀನು ಹಿಡಿದದ್ದು ಡಚ್ಚರು ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ ಊರು ಕಟ್ಟಿದ ಕಥೆ. ಲೈಬ್ರರಿಯಿಂದ ಪುಸ್ತಕ ಹೊತ್ತು ತಂದೆ. ತುಪ್ಪಳದ ವ್ಯಾಪಾರ, ಮರದ ಕೋಟೆ, ಅಲ್ಲಿಯ ಒಂದು ದ್ವೀಪವನ್ನು ಕೊಂಡೆವೆಂದು ಅವರು ಹೇಳಿಕೊಂಡದ್ದು — ಎಲ್ಲ ಸ್ಲೈಡುಗಳಾದವು. ಕೊನೆಯದರಲ್ಲಿ ಅಲ್ಲಿಯ ಮೂಲ ಜನರಾದ ಲೆನಾಪೆಗಳ ಬಗ್ಗೆ ಬರೆದಿದ್ದೆ. ಶತ್ರುಗಳಿಗೆ ಹೆದರಿ ಆಶ್ರಯಕ್ಕೆಂದು ಡಚ್ಚರ ಊರಿನ ಹತ್ತಿರ ಬಂದವರನ್ನು ಡಚ್ ಸೈನಿಕರು ಚಳಿಗಾಲದಲ್ಲಿ, ಮಲಗಿದ್ದಲ್ಲೇ ಕೊಂದರು. ಹೆಂಗಸರು ಮಕ್ಕಳು ಅಂತಲೂ ನೋಡಲಿಲ್ಲ.

ಓದಿ ನಾನು ಕಂಗಾಲಾದೆ. ಸತ್ತವರಿಗಾಗಿ ಅಲ್ಲ — ಹಾಗಿದ್ದಿದ್ದರೆ ಇವತ್ತು ಹೇಳಿಕೊಳ್ಳಲಾದರೂ ಆಗುತ್ತಿತ್ತು! ನಾವು ಇಲ್ಲಿ ಉಳಿಯಲು ಬೇಕಾದ ಅಪ್ಪನ ಪರ್ಮಿಟ್ ನವೀಕರಣಕ್ಕೆ ಹೋಗಿತ್ತು. ಅವರ ದೇಶದಲ್ಲಿ ಕೂತು, ಅವರ ಮಕ್ಕಳ ಮುಂದೆ, ಅವರ ಹಿರಿಯರು ಮಾಡಿದ ಕೊಲೆಯನ್ನು ನಮ್ಮ ಮನೆಯ ಹುಡುಗಿ ಹೇಳುವುದೇ? ಶಾಲೆಯ ಸ್ಲೈಡಿಗೂ ಪರ್ಮಿಟ್ಟಿಗೂ ಏನೂ ಸಂಬಂಧವಿಲ್ಲ ಅನ್ನುವುದು ನನಗೆ ಹೊಳೆಯಲೇ ಇಲ್ಲ. ನೇರವಾಗಿ ಹೇಳಿದರೆ ನೀನು ವಾದಕ್ಕೆ ನಿಲ್ಲುತ್ತೀಯ ಎಂಬುದು ಮಾತ್ರ ಚೆನ್ನಾಗಿ ಹೊಳೆಯಿತು. ಅದಕ್ಕೇ —

“ಯುಫ್ ಮರೈಕೆ ಸಿಕ್ಕಿದ್ರು ಪುಟ್ಟಿ. ಲಾಸ್ಟ್ ಸ್ಲೈಡ್ ಬೇಡ್ವಂತೆ, ತೆಗ್ದುಬಿಡು.”

“ನಿಜ ಆದ್ರೂ ಬೇಡ್ವಾ?” ಎಂದು ನೀನು ಕೇಳಿದೆ. ನಾನು ಪಾತ್ರೆ ತೊಳೆಯುತ್ತಾ, ತಿರುಗಿ ನೋಡದೆ, ಬೇಡವಂತೆ ಅಂದೆ.

ನೀನು ಆ ಸ್ಲೈಡ್ ತೆಗೆದುಬಿಟ್ಟೆ; ಅವತ್ತಿನಿಂದ ಯುಫ್ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಪಾಲಕರ ಸಭೆಯಲ್ಲಿ ಅವರೇ ಪೆಚ್ಚಾಗಿ ಕೇಳಿದರು: “ಅಷ್ಟೆಲ್ಲ ಓದಿದ್ದಳು, ಲೆನಾಪೆಗಳಿಗೆ ಏನಾಯಿತು ಅಂತ ಯಾಕೆ ಹೇಳಲಿಲ್ಲ? ನಾನು ಅದಕ್ಕೇ ಕಾದಿದ್ದೆ.” ಆಗಲಾದರೂ — ಇಲ್ಲ. ಅವಳಿಗೆ ಭಯ ಆಯಿತೇನೋ ಎಂದುಬಿಟ್ಟೆ. ಭಯಪಟ್ಟವಳು ನಾನು. ಅದನ್ನೂ ನಿನ್ನ ತಲೆಗೇ ಕಟ್ಟಿದೆ.

ಈಗ ಎನ್ಸ್‌ಕೆಡೆಯ ಯೂನಿವರ್ಸಿಟಿಯಲ್ಲಿ ಓದುತ್ತಿರುವ ನೀನು, ಟೀಚರು ಸ್ಲೈಡ್ ತೆಗೆಸಿದರು ಎಂಬ ಈ ಕಥೆಯನ್ನು ಸಿಕ್ಕವರಿಗೆಲ್ಲ ಹೇಳುತ್ತೀಯ. ಡಚ್ಚರು ತಮ್ಮ ಚರಿತ್ರೆಯನ್ನು ಹೇಗೆ ಮುಚ್ಚಿಡುತ್ತಾರೆ ಎಂಬುದಕ್ಕೆ ನಿನ್ನ ಸಾಕ್ಷಿ ಅದೇ. ಮೊನ್ನೆ ಫೋನಿನಲ್ಲಿ, “ಅಮ್ಮಾ, ಶನಿವಾರ ಡಿಬೇಟಲ್ಲಿ ನನ್ನ ಓಪನಿಂಗೇ ಅದು. ಯುಫ್ ಹೆಸ್ರು ಹೇಳೇ ಹೇಳ್ತೀನಿ” ಅಂದೆಯಲ್ಲ — ನಾನು ಏನಂದೆ? ಊಟ ಆಯ್ತಾ ಅಂತ ಕೇಳಿದೆ! ಫೋನ್ ಇಟ್ಟ ಮೇಲೆ ನನ್ನ ಮೇಲೆ ನನಗೇ ಮೈಯೆಲ್ಲ ಉರಿದುಹೋಯಿತು. ಬ್ರಿಟಿಷರು ನಮಗೆ ಮಾಡಿದ್ದನ್ನು ಚಿಕ್ಕಂದಿನಲ್ಲಿ ನಿನಗೆ ಎಷ್ಟು ರೋಷದಿಂದ ಹೇಳಿಕೊಟ್ಟಿದ್ದೆ. ಲೆನಾಪೆಗಳ ಸಾವನ್ನು ಮಾತ್ರ, ಯಾರೂ ಕೇಳದಿದ್ದರೂ, ನಾನೇ ಮುಂದೆ ಬಿದ್ದು ಅಳಿಸಿಹಾಕಿಸಿದೆ. ಇದನ್ನು ಇಷ್ಟು ವರ್ಷ ನುಂಗಿಕೊಂಡೇ ಬಂದೆ.

ನಿನ್ನ ಸಿಟ್ಟು ಸುಳ್ಳಲ್ಲ. ಮುಚ್ಚಿಟ್ಟವರು ಇದ್ದಾರೆ, ಬೇಕಾದಷ್ಟು ಜನ. ಆದರೆ ನಿನ್ನ ತರಗತಿಯಲ್ಲಿ ಮುಚ್ಚಿಟ್ಟವಳು ನಾನು. ಯುಫ್ ಮರೈಕೆಯ ಮನೆಗೆ ನಾಳೆ ನಾನೇ ಹೋಗಿ ಹೇಳುತ್ತೇನೆ. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ಶನಿವಾರ ಆ ಕಥೆಯನ್ನು ಬಿಡಬೇಡ, ಪೂರ್ತಿ ಹೇಳು. ಹೆಸರು ಹೇಳುವ ಜಾಗ ಬಂದಾಗ ನಿನ್ನ ಅಮ್ಮನ ಹೆಸರು ಹೇಳು.